ಮೊಳಕೆಯ ಸಿರಿ ಯಾರ ಪಾಲು?

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎನ್ನುತ್ತದೆ ನಮ್ಮ ಗಾದೆ. ಸಿರಿಯನ್ನು ಗುರುತಿಸಬಹುದು ಎನ್ನುವಲ್ಲಿಗೆ ಅದರ ಮಾತು ಮುಗಿಯಿತು. ಗುರುತಿಸಿದ ಮೇಲೆ ಏನು ಮಾಡಬೇಕು? ಆ ಒಂದು ಮೊಳಕೆಗೆ ಬೇರೆ ಪಾತಿ ತೋಡಬೇಕೆ? ಪಕ್ಕದ ಸಾಲಿಗೆ ಹೋಗುವ ನೀರನ್ನೂ ಇದಕ್ಕೇ ತಿರುಗಿಸಬೇಕೆ? ಊರು ಬಿಟ್ಟು ಬಂದು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಮುಂದೆ ಈ ಪ್ರಶ್ನೆ ಪ್ರತಿ ವರ್ಷ ಒಂದು ಅರ್ಜಿಯ ರೂಪದಲ್ಲಿ ಬಂದು ನಿಲ್ಲುತ್ತದೆ.

ಅವಕಾಶಗಳಿಗೇನೂ ಬರವಿಲ್ಲ. ಮುಂಬಯಿಯಲ್ಲಿ 1981ರಿಂದ ಡಾ. ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆ ನಡೆಯುತ್ತಿದೆ. ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗಳಿಗೆ ಹೋಗುವ ಮಕ್ಕಳಿಗೆ ಶಿಬಿರ ನಡೆಸುತ್ತದೆ. ಪುಣೆಯ ಜ್ಞಾನ ಪ್ರಬೋಧಿನಿ ಪ್ರತಿಭಾವಂತ ಮಕ್ಕಳಿಗೆಂದೇ 1969ರಲ್ಲಿ ಶಾಲೆ ತೆರೆಯಿತು. ಇವುಗಳ ನೆರಳಿನಲ್ಲಿ ಇನ್ನೊಂದು ಪೇಟೆಯೂ ಬೆಳೆದಿದೆ: ಶನಿವಾರ, ಭಾನುವಾರದ ವಿಶೇಷ ತರಗತಿಗಳು, ‘ಒಲಿಂಪಿಯಾಡ್’ ಎಂಬ ಹೆಸರನ್ನು ಅಂಟಿಸಿಕೊಂಡ ಖಾಸಗಿ ಪರೀಕ್ಷೆಗಳು, ಆ ಪರೀಕ್ಷೆಗಳಿಗೆ ತಯಾರು ಮಾಡುವ ಕೋಚಿಂಗು, ಗೋಡೆಗೆ ತೂಗುಹಾಕುವ ಪದಕಗಳು. ಇಷ್ಟರಲ್ಲಿ ಯಾವುದು ಮಗುವಿಗೆ ಒಳ್ಳೆಯದು ಎಂಬುದು ಒಂದು ಪ್ರಶ್ನೆ. ಕೆಲವೇ ಮಕ್ಕಳನ್ನು ಆರಿಸಿ ಹೆಚ್ಚು ಕೊಡುವುದು ನ್ಯಾಯವೇ ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಮನೆಯಲ್ಲಿ ಚರ್ಚಿಸುತ್ತೇವೆ. ಎರಡನೆಯದನ್ನು ಕೇಳಿಕೊಳ್ಳುವುದು ಕಡಿಮೆ.

ಈ ವಿಷಯದಲ್ಲಿ ನಾವು ನಿಷ್ಪಕ್ಷಪಾತಿಗಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮಲ್ಲಿ ಬಹಳ ಜನ ಊರಿನಿಂದ ಇಲ್ಲಿಗೆ ಬಂದದ್ದು ಯಾವುದೋ ಒಂದು ಪರೀಕ್ಷೆಯ ದೆಸೆಯಿಂದ. ಆಯ್ಕೆಪಟ್ಟಿಯಲ್ಲಿ ಹೆಸರಿತ್ತು, ಹಾಗಾಗಿ ಬಸ್ಸು ಹತ್ತಿದೆವು. ಆಯ್ಕೆಯಾದವನಿಗೆ ಆಯ್ಕೆಯ ಪದ್ಧತಿ ಸರಿಯೆಂದೇ ತೋರುತ್ತದೆ. ಆದರೆ ನಮಗೆ ಪರೀಕ್ಷೆ ಒಂದು ಬಾಗಿಲಾಗಿತ್ತು. ಅದರಾಚೆ ನಾವು ಕಾಣದ ಗ್ರಂಥಾಲಯ, ಪ್ರಯೋಗಾಲಯ, ಮೇಷ್ಟ್ರುಗಳಿದ್ದರು. ನಮ್ಮ ಮಕ್ಕಳು ಹುಟ್ಟಿದ್ದೇ ಆ ಬಾಗಿಲಿನ ಒಳಗೆ. ಅವರಿಗೆ ಅದೇ ಪರೀಕ್ಷೆ ಬರೀ ಬಿಲ್ಲೆಯಾಗಿಬಿಡುವ ಅಪಾಯವಿದೆ.

ಪ್ರತಿಭೆ ಎಂಬ ಮಾತನ್ನು ನಾವು ಈಗ ಬಳಸುವ ರೀತಿಯೂ ಸ್ವಲ್ಪ ಬಡವಾಗಿದೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆ ಒಂಟಿಯಾಗಿ ನಿಲ್ಲುವುದಿಲ್ಲ. ಮಮ್ಮಟ ಕಾವ್ಯದ ಹುಟ್ಟಿಗೆ ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರನ್ನೂ ಹೇಳಿ, ಮೂರೂ ಕೂಡಿಯೇ ಒಂದು ಕಾರಣ ಎನ್ನುತ್ತಾನೆ. ಲೋಕವನ್ನು ನೋಡಿ ಬಂದ ತಿಳಿವಳಿಕೆ ಮತ್ತು ಬಲ್ಲವರ ಬಳಿ ಕುಳಿತು ಮಾಡಿದ ಸಾಧನೆ ಸೇರದ ಶಕ್ತಿ ಫಲ ಕೊಡದು. ಒಂದು ದಿನದ ಎರಡು ಗಂಟೆಯ ಪರೀಕ್ಷೆ ಈ ಮೂರರಲ್ಲಿ ಯಾವುದನ್ನು ಅಳೆಯುತ್ತದೆ ಎಂದು ಬಿಡಿಸಿ ಹೇಳುವುದು ಕಷ್ಟ. ಮನೆಯಲ್ಲಿ ಪುಸ್ತಕವಿರುವ ಮಗುವಿನ ನಿಪುಣತೆಯನ್ನೇ ನಾವು ಶಕ್ತಿ ಎಂದು ಓದಿಬಿಡುವ ಸಾಧ್ಯತೆ ಬಹಳ.

ಜರಡಿ ಎಷ್ಟು ಎಡವಬಹುದು ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಹುಡುಕಾಟ ಆರಂಭಿಸಿ, ಬುದ್ಧಿಸೂಚ್ಯಂಕ ತೀರಾ ಹೆಚ್ಚಿದ್ದ ಸುಮಾರು 1,500 ಮಕ್ಕಳನ್ನು ಆರಿಸಿದ. ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿ ದಾಖಲಿಸಲಾಯಿತು. ಹಲವರು ಒಳ್ಳೆಯ ವೃತ್ತಿಗಳಲ್ಲಿ ನೆಲೆನಿಂತರು. ಆದರೆ ಅವರಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ. ಪರೀಕ್ಷಿಸಿ, ಅಂಕ ಸಾಲದೆಂದು ಕೈಬಿಟ್ಟ ಹುಡುಗರಲ್ಲಿ ಇಬ್ಬರಿಗೆ ಬಂತು: ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಅಲ್ವಾರೆಜ್‌ಗೆ 1968ರಲ್ಲಿ. ಎರಡೂ ಭೌತಶಾಸ್ತ್ರಕ್ಕೆ.

ಆಯ್ಕೆಯಾದರೆ ಲಾಭವಾದರೂ ಖಚಿತವೇ? ಬಾಸ್ಟನ್ ಮತ್ತು ನ್ಯೂಯಾರ್ಕ್‌ನ, ಪ್ರವೇಶ ಪರೀಕ್ಷೆಯಿರುವ ಪ್ರತಿಷ್ಠಿತ ಸರ್ಕಾರಿ ಶಾಲೆಗಳ ಬಗ್ಗೆ ಮೂವರು ಅರ್ಥಶಾಸ್ತ್ರಜ್ಞರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಟ್‌ಆಫ್‌ಗಿಂತ ಸ್ವಲ್ಪ ಮೇಲಿದ್ದು ಸೀಟು ಪಡೆದವರನ್ನೂ, ಸ್ವಲ್ಪ ಕೆಳಗಿದ್ದು ತಪ್ಪಿಸಿಕೊಂಡವರನ್ನೂ ಹೋಲಿಸಿದರೆ, ಮುಂದಿನ ಪರೀಕ್ಷೆಗಳ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗೆರೆಯ ಅಂಚಿನಲ್ಲಿರುವ ಮಕ್ಕಳ ಬಗ್ಗೆ ಮಾತ್ರ ಈ ಮಾತು ಸಲ್ಲುತ್ತದೆ. ಗೆರೆಗಿಂತ ಬಹಳ ಮೇಲಿರುವವರ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ. ಆದರೆ ಅರ್ಧ ಅಂಕದಲ್ಲಿ ತಪ್ಪಿತೆಂದು ವಾರಗಟ್ಟಲೆ ಮಂಕಾಗುವ ಮನೆಗಳಿಗೆ ಇಷ್ಟು ಸಾಕು.

ಹಾಗೆಂದು, ‘ಚುರುಕಿರುವ ಮಗು ಹೇಗೂ ಮೇಲೆ ಬರುತ್ತದೆ, ಅದಕ್ಕೇಕೆ ಬೇರೆ ವ್ಯವಸ್ಥೆ’ ಎಂಬ ವಾದವನ್ನೂ ನಾನು ಒಪ್ಪಲಾರೆ. ಈ ವಾದ ಮಾಡುವವರು ಸಾಮಾನ್ಯವಾಗಿ ರಾಮಾನುಜನ್ನರ ಹೆಸರು ಹೇಳುತ್ತಾರೆ. ಆದರೆ ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ನಪಾಸಾಗಿ, ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡು, 1913ರಲ್ಲಿ ಹಾರ್ಡಿಗೆ ಪತ್ರ ಬರೆಯುವವರೆಗೆ ತನ್ನ ಕೆಲಸವನ್ನು ಪೂರ್ತಿ ಅರಿಯಬಲ್ಲ ಜೊತೆಗಾರ ಸಿಗದೆ ಇದ್ದವರು ಅವರು. ಅವರ ಕಥೆ ನಮಗೆ ಗೊತ್ತಿರುವುದು ಆ ಪತ್ರಕ್ಕೆ ಉತ್ತರ ಬಂದದ್ದರಿಂದ. ಉತ್ತರ ಬಾರದವರ ಕಥೆಗಳು ನಮಗೆ ಗೊತ್ತಾಗುವ ದಾರಿಯೇ ಇಲ್ಲ.

ಲೆಕ್ಕವನ್ನು ಐದು ನಿಮಿಷದಲ್ಲಿ ಮುಗಿಸಿ ಉಳಿದ ಮೂವತ್ತೈದು ನಿಮಿಷ ಕೈಕಟ್ಟಿ ಕೂರುವ ಮಗು ಏನನ್ನೂ ಕಲಿಯುತ್ತಿಲ್ಲ ಎಂದಲ್ಲ. ಕಷ್ಟಪಡದೆ ಎಲ್ಲವೂ ದಕ್ಕುತ್ತದೆ ಎಂಬ ಸುಳ್ಳನ್ನು ಅದು ದಿನವೂ ಕಲಿಯುತ್ತಿದೆ. ತನ್ನ ಶಕ್ತಿಗೆ ತಕ್ಕ ತೊಡಕು ಸಿಗುವುದು, ಸೋತು ಮತ್ತೆ ಕೂರುವುದು ಪ್ರತಿ ಮಗುವಿನ ಹಕ್ಕು. ನಿಧಾನವಾಗಿ ಕಲಿಯುವ ಮಗುವಿಗೆ ಹೆಚ್ಚಿನ ಸಮಯ ಕೊಡುವುದು ಯಾವ ಕಾರಣಕ್ಕೆ ನ್ಯಾಯವೋ, ಬೇಗ ಕಲಿಯುವ ಮಗುವಿಗೆ ಮುಂದಿನ ಪಾಠ ಕೊಡುವುದೂ ಅದೇ ಕಾರಣಕ್ಕೆ ನ್ಯಾಯ.

ನಮ್ಮ ಸಂಗೀತದ ಮೇಷ್ಟ್ರುಗಳು ಇದನ್ನು ಯಾವ ಸದ್ದೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ. ಸರಳೆ ವರಸೆ ಕೈಗೆ ಕೂತ ಮಗುವನ್ನು ಉಳಿದವರಿಗಾಗಿ ಅಲ್ಲೇ ಕೂಡಿಸುವುದಿಲ್ಲ. ಜಂಟಿ ವರಸೆ, ಅಲಂಕಾರ, ಗೀತೆ ಎಂದು ಮುಂದಕ್ಕೆ ಒಯ್ಯುತ್ತಾರೆ. ಅದಕ್ಕೆ ಪ್ರವೇಶ ಪರೀಕ್ಷೆಯಿಲ್ಲ. ಹಿಂದೆ ಉಳಿದ ಮಗು ಅದೇ ಚಾಪೆಯ ಮೇಲೆ ಕೂತಿರುತ್ತದೆ, ಮುಂದಿನವರ ಪಾಠ ಕಿವಿಗೆ ಬೀಳುತ್ತಿರುತ್ತದೆ, ಆರು ತಿಂಗಳಲ್ಲಿ ಅದೂ ಅಲ್ಲಿಗೆ ಬರಬಹುದು. ಕೊಡುವುದು ಪಾಠವನ್ನು, ಹಣೆಪಟ್ಟಿಯನ್ನಲ್ಲ. ನಮ್ಮ ವಿಶೇಷ ತರಗತಿಗಳ ತೊಂದರೆ ಎಂದರೆ ಹಣೆಪಟ್ಟಿ ಮೊದಲು ಬರುತ್ತದೆ, ಪಾಠ ಆಮೇಲೆ, ಕೆಲವೊಮ್ಮೆ ಬರುವುದೇ ಇಲ್ಲ.

ಇನ್ನು ಯಾರ ಕಣ್ಣಿಗೆ ಯಾವ ಮಗು ಬೀಳುತ್ತದೆ ಎಂಬ ವಿಚಾರ. ಫ್ಲಾರಿಡಾದ ಬ್ರೋವರ್ಡ್ ಎಂಬಲ್ಲಿ ಮೊದಲು ಪೋಷಕರೋ ಶಿಕ್ಷಕರೋ ಸೂಚಿಸಿದ ಮಕ್ಕಳಿಗಷ್ಟೇ ಪರೀಕ್ಷೆ ನಡೆಯುತ್ತಿತ್ತು. ಆಮೇಲೆ ಎರಡನೆಯ ತರಗತಿಯ ಎಲ್ಲ ಮಕ್ಕಳನ್ನೂ ಪರೀಕ್ಷಿಸತೊಡಗಿದಾಗ, ಪ್ರತಿಭಾವಂತರ ಪಟ್ಟಿಯಲ್ಲಿ ಬಡವರ, ಕರಿಯರ, ವಲಸಿಗರ ಮಕ್ಕಳ ಸಂಖ್ಯೆ ಎದ್ದು ಕಾಣುವಂತೆ ಏರಿತು. ಆ ಮಕ್ಕಳು ಮೊದಲೂ ಅಲ್ಲೇ ಇದ್ದರು. ಕೇಳುವವರಿರಲಿಲ್ಲ. ನಮ್ಮಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬೆನ್ನಿಗೆ ನಿಂತ ನವೋದಯ ವಿದ್ಯಾಲಯಗಳು ಇದನ್ನು ಅರಿತೇ ಕನಿಷ್ಠ ಶೇಕಡ 75ರಷ್ಟು ಸೀಟುಗಳನ್ನು ಗ್ರಾಮೀಣ ಮಕ್ಕಳಿಗೆ ಮೀಸಲಿಟ್ಟವು. ಅದರ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಳ್ಳಿಯ ಮಗುವಿಗೆ ಬೇರೆಲ್ಲೂ ಸಿಗದ್ದನ್ನು ಕೊಟ್ಟಿದ್ದರಿಂದ ಆ ಖರ್ಚು ಸಾರ್ಥಕ.

ಮುಂಬಯಿ ಪುಣೆಗಳಲ್ಲಿ ಕಟ್ಟಡ ಕಟ್ಟುವ ಕೆಲಸಕ್ಕೆ ಕಲಬುರಗಿ, ಯಾದಗಿರಿಗಳಿಂದ ಬಂದ ಕನ್ನಡದ ಕುಟುಂಬಗಳಿವೆ. ಅವರೂ ಹೊರನಾಡ ಕನ್ನಡಿಗರೇ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕೂತಿರುವ ಮಗುವಿನಲ್ಲೂ ನಮ್ಮ ಮಗುವಿನಲ್ಲಿರುವ ಹಸಿವೇ ಇರಬಹುದು. ಅದರ ಕೈಗೆ ಅರ್ಜಿಯ ನಮೂನೆ ತಲುಪುವುದಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಮಗುವಿಗೆ ನಾವು ಖರೀದಿಸುವುದು ಬರೀ ಪಾಠವಾದರೆ ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಖರೀದಿಸುವುದು ಸಾಲಿನಲ್ಲಿ ಮುಂದಿನ ಜಾಗವಾದರೆ, ಯಾರೋ ಒಬ್ಬರು ಹಿಂದೆ ಸರಿಯಲೇಬೇಕು.

ಹಾಗಾದರೆ ಸೇರಿಸಬೇಕೆ, ಬೇಡವೆ? ನನಗೆ ಸರಿಯೆನಿಸುವ ಒರೆಗಲ್ಲು ಒಂದೇ. ಇದರಿಂದ ಮುಂದೆ ಏನೂ ಆಗದಿದ್ದರೂ, ಪದಕ, ಸೀಟು, ನೌಕರಿ ಯಾವುದೂ ಬಾರದಿದ್ದರೂ, ಆ ಭಾನುವಾರಗಳು ಮಗುವಿಗೆ ಒಳ್ಳೆಯ ಭಾನುವಾರಗಳಾಗಿದ್ದವೇ? ತರಗತಿಯಿಂದ ಮಗು ರ‍್ಯಾಂಕ್ ಹೊತ್ತು ಬರುತ್ತದೋ, ಬಿಡಿಸಲಾಗದ ಒಂದು ಪ್ರಶ್ನೆಯನ್ನೋ? ತನ್ನಂತೆಯೇ ಯೋಚಿಸುವ ಒಬ್ಬ ಗೆಳೆಯನೋ ಗೆಳತಿಯೋ ಸಿಕ್ಕಿದರೇ? ಬೇಡವೆನಿಸಿದಾಗ ಅವಮಾನವಿಲ್ಲದೆ ಬಿಟ್ಟು ಬರಲು ಸಾಧ್ಯವೇ? ಉತ್ತರ ಹೌದಾದರೆ ಸೇರಿಸಿ. ಬಾಲ್ಯ ಎಂಬುದು ಮುಂದಿನ ಬದುಕಿಗೆ ಕಟ್ಟುವ ಮುಂಗಡವಷ್ಟೇ ಅಲ್ಲ, ಅದೂ ಬದುಕಿನ ಒಂದು ಪಾಲು. ಅದನ್ನು ಪೂರ್ತಿ ಒತ್ತೆಯಿಡುವ ಅಧಿಕಾರ ನಮಗಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮ ಕೈಯಲ್ಲೇ ಸ್ವಲ್ಪ ಇದೆ. ಈ ನಗರಗಳ ಕನ್ನಡ ಸಂಘಗಳಿಗೆ ಒಂದು ಕೊಠಡಿ, ಒಂದಷ್ಟು ಕುರ್ಚಿಗಳಾದರೂ ಇರುತ್ತವೆ. ವರ್ಷದ ಬಹುತೇಕ ದಿನ ಅವು ಖಾಲಿ. ನಮ್ಮಲ್ಲಿ ಎಂಜಿನಿಯರುಗಳಿದ್ದಾರೆ, ಸಂಶೋಧನೆ ಮಾಡುವ ವಿದ್ಯಾರ್ಥಿಗಳಿದ್ದಾರೆ. ತಿಂಗಳಿಗೆ ಎರಡು ಭಾನುವಾರ, ಪರೀಕ್ಷೆಯಿಲ್ಲದೆ, ಶುಲ್ಕವಿಲ್ಲದೆ, ಬಂದವರನ್ನೆಲ್ಲ ಕೂರಿಸಿಕೊಂಡು ಕನ್ನಡದಲ್ಲೇ ಒಂದು ಕಠಿಣ ಲೆಕ್ಕವನ್ನೋ ಒಂದು ಪ್ರಯೋಗವನ್ನೋ ಮುಂದಿಟ್ಟರೆ, ಯಾವ ಮಗುವಿಗೆ ಹಸಿವಿದೆ ಎಂಬುದು ತಾನಾಗಿ ತಿಳಿಯುತ್ತದೆ. ನಮ್ಮ ಮಕ್ಕಳೂ ಅಲ್ಲೇ, ಪಾಲಿಕೆಯ ಶಾಲೆಯ ಮಕ್ಕಳ ಪಕ್ಕದಲ್ಲೇ ಕೂರಲಿ. ಯಾವ ಶುಲ್ಕಕ್ಕೂ ಸಿಗದ ಒಂದು ಪಾಠ ಅವರಿಗೂ ಅಲ್ಲಿ ಸಿಗುತ್ತದೆ.