ಒಂದು ಪೌಂಡಿನ ಯಜಮಾನಿಕೆ

2019ನೇ ಇಸವಿ ಆಗಸ್ಟ್ 27ರಂದು ಇಂಗ್ಲೆಂಡಿನ ಬೆರಿ ಎಂಬ ಊರಿನಲ್ಲಿ ನೂರಾರು ಜನ ಪೊರಕೆ, ಬಕೀಟು, ಒರೆಸುವ ಬಟ್ಟೆ ಹಿಡಿದು ತಮ್ಮೂರಿನ ಫುಟ್‌ಬಾಲ್ ಮೈದಾನಕ್ಕೆ ಬಂದರು. ಕೂಲಿಗೆ ಬಂದವರಲ್ಲ. ಸಾಲದಲ್ಲಿ ಮುಳುಗಿದ್ದ ಕ್ಲಬ್ಬನ್ನು ಕೊಳ್ಳಲು ಕಂಪನಿಯೊಂದು ಮುಂದೆ ಬಂದಿದೆ, ಶನಿವಾರ ಆಟ ನಡೆಯಬಹುದು ಎಂಬ ಸುದ್ದಿ ನಂಬಿ ಬಂದವರು. ಧೂಳು ಹಿಡಿದ ಕುರ್ಚಿ ಒರೆಸಿದರು, ಮೆಟ್ಟಿಲು ಗುಡಿಸಿದರು. ಅದೇ ದಿನ ಆ ಕಂಪನಿ ಹಿಂದೆ ಸರಿಯಿತು. ರಾತ್ರಿ ಹೊತ್ತಿಗೆ ಲೀಗಿನವರು ಬೆರಿ ಕ್ಲಬ್ಬನ್ನು ಹೊರಗೆ ಹಾಕಿದರು. 1885ರಲ್ಲಿ ಹುಟ್ಟಿ, 1894ರಲ್ಲಿ ಲೀಗಿಗೆ ಸೇರಿ, 125 ವರ್ಷ ಅಲ್ಲೇ ಇದ್ದ ಕ್ಲಬ್ಬು ಅದು.

ಪೊರಕೆ ಅಂದರೆ ನಮಗೆ ಬೇರೆಯೇ ನೆನಪು. ನಮ್ಮವರ ಕೈಗೆ ಪೊರಕೆ ಬಂದದ್ದು ಪ್ರೀತಿಯಿಂದಲ್ಲ. ಜಾತ್ರೆಗೆ ಮುಂಚೆ ಗುಡಿಯ ಮುಂದಿನ ಬೀದಿ ಗುಡಿಸಿದವರು ನಮ್ಮವರು, ತಮಟೆ ಬಡಿದವರು ನಮ್ಮವರು, ತೇರು ಹೊರಡೋ ಹೊತ್ತಿಗೆ ದೂರ ಸರಿದು ನಿಂತವರೂ ನಮ್ಮವರೇ. ಹಾಗಾಗಿ ಒಂದು ಊರಿನ ಜನ ತಾವಾಗಿಯೇ ಪೊರಕೆ ಹಿಡಿದು 'ಇದು ನಮ್ಮದು' ಅಂತ ಗುಡಿಸಿದ ಸುದ್ದಿ ಓದಿದಾಗ ನಮಗೆ ಒಂಚೂರು ಹೊಟ್ಟೆಕಿಚ್ಚಾಯಿತು ಅಂದರೆ ಸುಳ್ಳಲ್ಲ. ಆಮೇಲೆ ಯೋಚನೆ ಹತ್ತಿತು. ಗುಡಿಸಿದ ಮಾತ್ರಕ್ಕೆ ಅದು ಅವರದಾಗಿತ್ತೇ? ಒಂದು ವಸ್ತು ಯಾರದು ಅಂತ ತೀರ್ಮಾನಿಸೋದು ಕಾಗದವೋ, ಬೆವರೋ, ಪ್ರೀತಿಯೋ?

ಬೆರಿ ಲ್ಯಾಂಕಾಶೈರ್ ಸೀಮೆಯ ಗಿರಣಿ ಊರು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತುಹೋದ 1861-65ರ ಕಾಲದಲ್ಲಿ ಆ ಸೀಮೆಯ ಗಿರಣಿಗಳು ನಮ್ಮ ಧಾರವಾಡದ ಹತ್ತಿಯ ಮೇಲೂ ಕಣ್ಣು ಹಾಕಿದ್ದವು. ಇಲ್ಲಿ ಹತ್ತಿ ಬಿಡಿಸಿದ ಕೈಗೂ ಅಲ್ಲಿ ನೂಲು ತೆಗೆದ ಕೈಗೂ ಪರಿಚಯವಿರಲಿಲ್ಲ, ನಡುವಿನ ವ್ಯಾಪಾರಿಗೆ ಮಾತ್ರ ಇಬ್ಬರೂ ಗೊತ್ತಿದ್ದರು. ಆ ಗಿರಣಿ ಕೆಲಸಗಾರರಿಗೆ ಶನಿವಾರದ ಅರ್ಧ ದಿನದ ಬಿಡುವು ಸುಮ್ಮನೆ ಸಿಗಲಿಲ್ಲ. ಕೆಲಸದ ಹೊತ್ತು ತಗ್ಗಿಸಿ ಎಂದು ವರ್ಷಗಟ್ಟಲೆ ಬಡಿದಾಡಿದ ಮೇಲೆ ಬಂದ 1850ರ ಕಾರ್ಖಾನೆ ಕಾಯಿದೆ, ಹೆಂಗಸರು ಮತ್ತು ಎಳೆಯರ ಶನಿವಾರದ ದುಡಿಮೆ ಮಧ್ಯಾಹ್ನ ಎರಡಕ್ಕೆ ಮುಗಿಯಬೇಕೆಂದಿತು. ಬರಬರುತ್ತಾ ಗಂಡಸರಿಗೂ ಆ ಬಿಡುವು ಸಿಕ್ಕಿತು. ಇಂಗ್ಲೆಂಡಿನಲ್ಲಿ ಶನಿವಾರ ಮೂರು ಗಂಟೆಗೆ ಚೆಂಡು ಒದೆಯುವ ರೂಢಿ ಹುಟ್ಟಿದ್ದು ಆ ಬಿಡುವಿನಿಂದ. ಅಂದರೆ ಈ ಆಟದ ಹೊತ್ತನ್ನೇ ದುಡಿಯುವವರು ಯಜಮಾನನ ಕೈಯಿಂದ ಕಿತ್ತುಕೊಂಡಿದ್ದರು.

ಅಂಥ ಊರಿನ ಕ್ಲಬ್ಬು 1900ರಲ್ಲಿ ಎಫ್.ಎ. ಕಪ್ ಗೆದ್ದಿತು. 1903ರಲ್ಲಿ ಡರ್ಬಿ ಕೌಂಟಿಯನ್ನು 6-0ಯಿಂದ ಬಡಿದು ಮತ್ತೆ ಗೆದ್ದಿತು. ಫೈನಲ್ಲಿನಲ್ಲಿ ಅಷ್ಟು ದೊಡ್ಡ ಗೆಲುವನ್ನು 116 ವರ್ಷ ಯಾರೂ ಸರಿಗಟ್ಟಲಿಲ್ಲ. ಸರಿಗಟ್ಟಿದ್ದು 2019ರ ಮೇ ತಿಂಗಳಲ್ಲಿ, ಪಕ್ಕದೂರಿನ ಮ್ಯಾಂಚೆಸ್ಟರ್ ಸಿಟಿ. 2008ರಿಂದ ಅಬುಧಾಬಿಯ ರಾಜಮನೆತನದ ಹಣದಲ್ಲಿ ಬೆಳೆದ ಕ್ಲಬ್ಬು. ಮೂರು ತಿಂಗಳಿಗೆ ಬೆರಿ ಬೀದಿಗೆ ಬಿತ್ತು.

ಬಿದ್ದದ್ದು ಹೇಗೆ? ಆಟದಲ್ಲಿ ಸೋತಲ್ಲ. ಆ ವರ್ಷ ತಂಡ ಗೆದ್ದು ಮೇಲಿನ ದರ್ಜೆಗೆ ಏರಿತ್ತು, ಅದೂ ಆಟಗಾರರಿಗೆ ಸಂಬಳ ಬಾಕಿಯಿದ್ದಾಗ. ಗಿಗ್ ಲೇನ್ ಎಂಬ ಆ ಮೈದಾನ ಮೊದಲು ಡರ್ಬಿಯ ಅರ್ಲ್ ಎಂಬ ಜಮೀನ್ದಾರನದು, 1922ರಲ್ಲಿ ಕ್ಲಬ್ಬಿಗೆ ದಾನವಾಗಿ ಬಂದದ್ದು. ಜಮೀನ್ದಾರ ಬಿಟ್ಟುಕೊಟ್ಟ ನೆಲವನ್ನು ನಂತರದ ಯಜಮಾನರು ಅಡವಿಟ್ಟರು. 2018ರ ಡಿಸೆಂಬರಿನಲ್ಲಿ ಸ್ಟೀವ್ ಡೇಲ್ ಎಂಬ ವ್ಯಾಪಾರಿ ಸಾಲದ ಸಮೇತ ಇಡೀ ಕ್ಲಬ್ಬನ್ನು ಒಂದು ಪೌಂಡಿಗೆ ಕೊಂಡರು. ಒಂದೇ ಒಂದು ಪೌಂಡು! ಕ್ಲಬ್ಬು ನಡೆಸುವಷ್ಟು ಹಣ ತಮ್ಮಲ್ಲಿದೆ ಎಂಬ ಪುರಾವೆ ಲೀಗಿನ ಕೈ ಸೇರುವ ಮುಂಚೆಯೇ ವ್ಯಾಪಾರ ಮುಗಿದಿತ್ತು. ಬೆರಿಯಲ್ಲೊಂದು ಫುಟ್‌ಬಾಲ್ ತಂಡ ಇರೋದೇ ತಮಗೆ ಗೊತ್ತಿರಲಿಲ್ಲ ಅಂತ ಆಮೇಲೆ ಅವರೇ ಬಾಯಿಬಿಟ್ಟು ಹೇಳಿದರು. ನಗಬೇಡಿ. 2020ರಲ್ಲಿ ನಮ್ಮ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದು, ನೇಗಿಲು ಮುಟ್ಟದವನೂ ದುಡ್ಡಿದ್ದರೆ ಹೊಲ ಕೊಳ್ಳಬಹುದು ಅಂತ ಮಾಡಲಿಲ್ಲವೇ?

2019ರ ಜುಲೈನಲ್ಲಿ ಸಾಲ ಕೊಟ್ಟವರ ಜೊತೆ ಒಂದು ಒಪ್ಪಂದವಾಯಿತು. ಆಟಗಾರರ, ಬೇರೆ ಕ್ಲಬ್ಬುಗಳ ಬಾಕಿ ಪೂರ್ತಿ ತೀರಬೇಕು. ಅಡಮಾನವಿಲ್ಲದೆ ಕೊಟ್ಟ ಮಿಕ್ಕವರಿಗೆ ಪೌಂಡಿಗೆ 25 ಪೆನ್ಸ್. ಇಲ್ಲಿ ಎಲ್ಲರಿಗೂ ಒಂದು ಖಾತೆ ಇದೆ. ಅಪ್ಪನ ಹೆಗಲ ಮೇಲೆ ಕೂತು ಬಂದು, ಮುದುಕನಾಗುವ ತನಕ ಮಳೆಯಲ್ಲಿ ನೆನೆದು ಟಿಕೆಟು ಕೊಂಡವನ ಹೆಸರು ಯಾವ ಪುಟದಲ್ಲೂ ಇಲ್ಲ. ಕ್ಲಬ್ಬಿನ ಹಿಂದಿನ ನಿರ್ದೇಶಕಿಯೊಬ್ಬರು ಮೈದಾನದ ಗೋಡೆಯ ಮಳೆನೀರಿನ ಕೊಳವೆಗೆ ತಮ್ಮ ಕೈಗೆ ತಾವೇ ಬೇಡಿ ಹಾಕಿಕೊಂಡು ನಿಂತರು. ಖಾತೆ ಇಲ್ಲದವರಿಗೆ ಮೈಯೊಂದೇ ಉಳಿಯೋದು.

ಬಂಡಾಯದವರಾದ ನಮಗೆ ಇಲ್ಲಿ ಉತ್ತರ ನಾಲಿಗೆಯ ತುದಿಯಲ್ಲೇ ಇದೆ: ಉಳುವವನೇ ಹೊಲದೊಡೆಯ. ಬೆವರು ಸುರಿಸಿದವರದೇ ಕ್ಲಬ್ಬು. ಕಾಗದ ಸುಡಿ! ಹೀಗೆ ಬರೆದು ಮುಗಿಸಬಹುದಿತ್ತು. ಆದರೆ ನಮ್ಮದೇ ಅನುಭವ ಕೈ ಹಿಡಿದು ಜಗ್ಗುತ್ತದೆ.

1974ರ ಕಾಯಿದೆ ಬಂದಾಗ 7ನೇ ನಂಬರಿನ ಫಾರಂ ತುಂಬಿ ಅರ್ಜಿ ಹಾಕಿದವರು ಗೇಣಿದಾರರು. ಗೇಣಿಯೂ ಇಲ್ಲದೆ ಬರೀ ಕೂಲಿಗೆ, ಜೀತಕ್ಕೆ ಅದೇ ಹೊಲದಲ್ಲಿ ಬೆನ್ನು ಬಾಗಿಸಿದ ನಮ್ಮವರಲ್ಲಿ ಬಹಳ ಮಂದಿಗೆ ಏನೂ ದಕ್ಕಲಿಲ್ಲ. ಉತ್ತವರು ಅವರೇ. ಪಹಣಿಯಲ್ಲಿ ಹೆಸರಿರಲಿಲ್ಲ ಅಷ್ಟೆ. ಬೆವರು ಸಾಕ್ಷಿ ಹೇಳುವುದಿಲ್ಲ, ಅದನ್ನು ಯಾರಾದರೂ ಬರೆದುಕೊಂಡಿರಬೇಕು.

ಪ್ರೀತಿಯ ಮಾತು ಇನ್ನೂ ಕಷ್ಟದ್ದು. ಮಹಾಡದ ಚವದಾರ್ ಕೆರೆ ನೆನಪಿಸಿಕೊಳ್ಳಿ. ಸಾರ್ವಜನಿಕ ಕೆರೆಗಳು ಎಲ್ಲರಿಗೂ ತೆರೆದಿರಬೇಕೆಂದು 1923ರಲ್ಲಿ ಮುಂಬೈ ಶಾಸನ ಮಂಡಳಿ ನಿರ್ಣಯ ಮಾಡಿತ್ತು, ಮಹಾಡದ ಪುರಸಭೆಯೂ ಒಪ್ಪಿತ್ತು. ಕಾಗದ ನಮ್ಮ ಕಡೆ ಇತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಹೋಗಿ ನೀರು ಮುಟ್ಟಿದಾಗ ಹೊಡೆಯಲು ಬಂದವರ ಬಾಯಲ್ಲಿದ್ದ ಮಾತು ಯಾವುದು? ನಮ್ಮ ಕೆರೆ, ನಮ್ಮ ಹಿರಿಯರದು, ನಮ್ಮ ಪದ್ಧತಿ. ಕೆರೆ ಖಾಸಗಿ ಸ್ವತ್ತು ಅಂತ ಕೋರ್ಟಿಗೂ ಹೋದರು. ಅದಲ್ಲವೆಂದು ಮುಂಬೈ ಹೈಕೋರ್ಟಿನಲ್ಲಿ ತೀರ್ಪಾಗಲು 1937 ಆಗಬೇಕಾಯಿತು. ಆ ಸವರ್ಣೀಯರಿಗೆ ಕೆರೆಯ ಮೇಲೆ ಪ್ರೀತಿ ಇರಲಿಲ್ಲ ಅನ್ನುವಂತಿಲ್ಲ. ಬಹಳ ಇತ್ತು. ಆ ಪ್ರೀತಿಯೇ ದೊಣ್ಣೆಯಾಗಿತ್ತು. ನಮ್ಮನ್ನು ಕಾಪಾಡಿದ್ದು ಒಣ ಕಾಗದ. ಹಾಗಿರುವಾಗ 'ಪ್ರೀತಿಸಿದವರದೇ ಒಡೆತನ' ಅಂತ ನಾವು ಯಾವ ಬಾಯಲ್ಲಿ ಕೂಗೋದು?

ಇಂಗ್ಲೆಂಡಿನ ಮೈದಾನಗಳ 'ನಮ್ಮದು' ಕೂಡ ತೊಳೆದ ಮುತ್ತಲ್ಲ. 1921ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳ ಮೈದಾನದಲ್ಲಿ ಹೆಂಗಸರು ಆಡಕೂಡದೆಂದಿತು. ಸುಮಾರು ಐವತ್ತು ವರ್ಷ ಆ ನಿಷೇಧ ನಡೆಯಿತು. 1988ರಲ್ಲಿ ಲಿವರ್‌ಪೂಲಿನ ಕಪ್ಪು ಆಟಗಾರ ಜಾನ್ ಬಾರ್ನ್ಸ್ ಕಾಲ ಬಳಿ ಬಾಳೆಹಣ್ಣು ಬಂದು ಬಿತ್ತು. ಅವರು ಹಿಮ್ಮಡಿಯಿಂದ ಅದನ್ನು ಒದ್ದರು. ಎಸೆದವನೂ ತನ್ನ ಕ್ಲಬ್ಬನ್ನು ಪ್ರೀತಿಸುವವನೇ ಇದ್ದಿರಬೇಕು. 'ನಾವು' ಅನ್ನೋ ಪದದಲ್ಲಿ ಊರೂ ಇರುತ್ತದೆ, ಕೇರಿಯೂ ಇರುತ್ತದೆ. ಈ ಲೇಖನದ 'ನಾವು' ಕೂಡ ಹೊರತಲ್ಲ.

ಹಾಗಾದರೆ ಬೆರಿಯವರ ಹಕ್ಕು ಬರೀ ಹುಸಿಯೇ? ಅಲ್ಲ ಅನ್ನಿಸೋದು ಅವರು ಆಮೇಲೆ ಮಾಡಿದ್ದನ್ನು ನೋಡಿದಾಗ. ಅಳುತ್ತ ಕೂರದೆ ಕೆಲವರು 2019ರ ಕೊನೆಗೇ ಬೆರಿ ಎ.ಎಫ್.ಸಿ. ಎಂಬ ಹೊಸ ಕ್ಲಬ್ಬು ಕಟ್ಟಿದರು. ಅದು ಸದಸ್ಯರದೇ ಕ್ಲಬ್ಬು, ತಲೆಗೊಂದು ಓಟು. ಮೂರನೇ ದರ್ಜೆಯಿಂದ ಹೊರಬಿದ್ದವರು ಹತ್ತನೇ ದರ್ಜೆಯಲ್ಲಿ, ಪಕ್ಕದ ರಾಡ್‌ಕ್ಲಿಫಿನ ಮೈದಾನವನ್ನು ಹಂಚಿಕೊಂಡು ಆಡಿದರು. ರಾಜಕೀಯದಲ್ಲಿ ಒಬ್ಬನಿಗೊಂದು ಓಟು ಕೊಟ್ಟು ಬದುಕಿನಲ್ಲಿ ಅಸಮಾನತೆ ಉಳಿಸಿಕೊಂಡರೆ ಕಟ್ಟಡವೇ ಸಿಡಿಯುತ್ತದೆಂದು 1949ರ ನವೆಂಬರ್ 25ರಂದು ಅಂಬೇಡ್ಕರ್ ಎಚ್ಚರಿಸಿದ್ದರು. ಒಂದು ಪೌಂಡಿನ ಯಜಮಾನಿಕೆಗೆ ಎದುರಾಗಿ ತಲೆಗೊಂದು ಓಟು ಇಟ್ಟವರು ಆ ಅಸಮಾನತೆಯ ಒಂದು ಮೂಲೆಗಾದರೂ ಕೈ ಹಾಕಿದರು.

ಆದರೆ ಇನ್ನೊಂದು ಗುಂಪಿಗೆ ಗಿಗ್ ಲೇನ್ ಇಲ್ಲದ ಬೆರಿ ಬೆರಿಯೇ ಅಲ್ಲ. ಅವರು 2022ರಲ್ಲಿ, ಸರ್ಕಾರದ ಹತ್ತು ಲಕ್ಷ ಪೌಂಡಿನ ನೆರವೂ ಸೇರಿ, ಹಳೇ ಮೈದಾನವನ್ನು ಕೊಂಡರು. ಎರಡೂ ಗುಂಪು ಒಂದಾಗೋಣವೆಂದು ಅದೇ ವರ್ಷ ಮತ ಹಾಕಿದಾಗ ಒಂದು ಕಡೆ ಬೇಕಾದಷ್ಟು ಬಹುಮತ ಬರಲಿಲ್ಲ. ಒಂದೇ ಬಣ್ಣದ ಅಂಗಿ ತೊಟ್ಟು ಬೆಳೆದವರು ಎರಡು ಬಣವಾದರು. ಒಂದೇ ತಮಟೆಯ ಹಿಂದೆ ನಡೆದವರು ಎಷ್ಟು ಬಣಗಳಾದೆವು ಅನ್ನೋದು ನಮಗೆ ಗೊತ್ತಿರುವುದರಿಂದ ಅವರನ್ನು ಆಡಿಕೊಳ್ಳುವ ಯೋಗ್ಯತೆ ನಮಗಿಲ್ಲ. ಬೇಡ ಅಂದವರಿಗೂ ಕಾರಣವಿತ್ತು: ದೊಡ್ಡ ಮೈದಾನದ ಖರ್ಚು ಮತ್ತೆ ದೊಡ್ಡ ಸಾಲಕ್ಕೆ, ಸಾಲ ಮತ್ತೆ ಒಬ್ಬ ದಣಿಗೆ ಬಾಗಿಲು ತೆರೆಯಬಹುದು. 2023ರಲ್ಲಿ ಮತ್ತೆ ಮತ ಹಾಕಿ ಒಂದಾದರು. ಆ ವರ್ಷ ಬೆರಿ ಎಫ್.ಸಿ. ಎಂಬ ಹಳೇ ಹೆಸರಿನಲ್ಲಿ ಗಿಗ್ ಲೇನಿನಲ್ಲಿ ಮತ್ತೆ ಚೆಂಡು ಉರುಳಿತು. 2025ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಕೊಳ್ಳುವವರನ್ನು ತಪಾಸಣೆ ಮಾಡುವ, ಮೈದಾನ ಮಾರುವುದಕ್ಕೆ ಅಡ್ಡ ನಿಲ್ಲಬಲ್ಲ ಸ್ವತಂತ್ರ ನಿಯಂತ್ರಕನನ್ನು ನೇಮಿಸುವ ಕಾಯಿದೆ ಮಾಡಿತು. ಅದೂ ಕಾಗದವೇ. ಆದರೆ ಈ ಸಲ ಅದರೊಳಗೆ ಅಭಿಮಾನಿಯನ್ನು ಕೇಳಬೇಕು ಅನ್ನೋ ಮಾತು ಸೇರಿದೆ.

ಬೆರಿಯ ಗೆಳೆಯರು ಯಾರಾದರೂ ಎದುರು ಸಿಕ್ಕಿದರೆ ಅವರು ಗೆದ್ದ ಕಪ್ಪುಗಳ ಬಗ್ಗೆ ನಾವು ಕೇಳೋದಿಲ್ಲ. ಶನಿವಾರ ಆಟ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಆ ಮೆಟ್ಟಿಲುಗಳನ್ನು ಗುಡಿಸೋದು ಯಾರು, ಸಂಘದ ಸಭೆಯಲ್ಲಿ ಕೈ ಎತ್ತುವಾಗ ಅವರ ಕೈಯೂ ಲೆಕ್ಕಕ್ಕೆ ಬರುತ್ತದೋ ಅಂತ ಕೇಳುತ್ತೇವೆ.