ಕಾಣದ ಕೊಳವೆಯ ಋಣ

ನಲ್ಲಿಯಲ್ಲಿ ನೀರು ಬಾರದಿದ್ದರೆ ಬೀದಿಯವರೆಲ್ಲ ಹೊರಬಂದು ವಿಚಾರಿಸುತ್ತೇವೆ. ಬಳಸಿಬಿಟ್ಟ ನೀರು ಎಲ್ಲಿಗೆ ಹೋಯಿತೆಂದು ಕೇಳುವುದು ಮಾತ್ರ ಯುಜಿಡಿ ಕಟ್ಟಿಕೊಂಡು ಮ್ಯಾನ್‌ಹೋಲ್ ಉಕ್ಕಿದ ದಿನವೇ. ಸ್ನಾನ, ಪಾತ್ರೆ, ಬಟ್ಟೆ ಎಲ್ಲವೂ ಮುಗಿದು ಬಚ್ಚಲ ತೂತು ದಾಟಿತೆಂದರೆ ಆ ನೀರಿಗೂ ನಮಗೂ ಸಂಬಂಧ ಹರಿಯಿತು ಎಂಬ ಭಾವನೆ ನಮ್ಮಲ್ಲಿ ಬಹಳ ಹಳೆಯದು. ಹಾಗೆ ಹರಿಯಗೊಡದೆ, ಅದರ ಹೊಣೆಯನ್ನು ಒಟ್ಟಾಗಿ ಹೊತ್ತ ಒಂದು ಸೀಮೆಯ ಕತೆ ನನಗೆ ಆಗಾಗ ನೆನಪಾಗುತ್ತದೆ.

ಅಮೆರಿಕದ ಸಿಯಾಟಲ್ ನಗರದ ಪೂರ್ವಕ್ಕೆ ವಾಷಿಂಗ್ಟನ್ ಸರೋವರವಿದೆ. ಅದರಾಚೆಯ ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲಿ ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಸಂಸಾರ ಹೂಡಿದ್ದಾರೆ. 1950ರ ದಶಕದಲ್ಲಿ ಸುತ್ತಲಿನ ಊರುಗಳು ತಂತಮ್ಮ ಕೊಳಚೆಯನ್ನು ತಾವೇ ಶುದ್ಧಮಾಡಿ ಈ ಸರೋವರಕ್ಕೆ ಬಿಡುತ್ತಿದ್ದವು. ಶುದ್ಧಮಾಡಿದ ನೀರಿನಲ್ಲೂ ರಂಜಕ ಉಳಿಯುತ್ತಿತ್ತು, ಪಾಚಿಗೆ ಅದೇ ಗೊಬ್ಬರ. 1955ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಡಬ್ಲ್ಯೂ. ಟಿ. ಎಡ್ಮಂಡ್ಸನ್ ಅವರ ಬಳಗಕ್ಕೆ ಅಲ್ಲಿ ಒಂದು ಜಾತಿಯ ಪಾಚಿ ಸಿಕ್ಕಿತು. ಯುರೋಪಿನ ಜ್ಯೂರಿಕ್ ಸರೋವರ ಕೆಡುವಾಗ ಕಾಣಿಸಿಕೊಂಡದ್ದೂ ಅದೇ ಪಾಚಿ. ನೀರಿನ ತಿಳಿಯನ್ನು ಅಳೆಯಲು ಒಂದು ಬಿಳಿಯ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾರೆ. ಕಣ್ಣಿಗೆ ಮರೆಯಾಗುವ ಆಳವೇ ಅಳತೆ. 1964ರ ಹೊತ್ತಿಗೆ ಆ ತಟ್ಟೆ ಒಂದು ಮೀಟರ್ ಇಳಿಯುವ ಮೊದಲೇ ಮರೆಯಾಗುತ್ತಿತ್ತು. ಯಾವ ಒಂದು ಊರನ್ನೂ ಬೊಟ್ಟುಮಾಡಿ ತೋರಿಸುವಂತಿರಲಿಲ್ಲ, ಯಾವ ಊರೂ ಒಂಟಿಯಾಗಿ ಸರಿಪಡಿಸುವಂತೆಯೂ ಇರಲಿಲ್ಲ.

ಜೇಮ್ಸ್ ಎಲ್ಲಿಸ್ ಎಂಬ ವಕೀಲರು ಮುಂದೆ ನಿಂತು, ಎಲ್ಲ ಊರುಗಳಿಗೂ ಸೇರಿ ಒಂದೇ ಸಂಸ್ಥೆ ಬೇಕೆಂದು ಜನರನ್ನು ಒಪ್ಪಿಸಲು ಹೊರಟರು. 1958ರ ಮಾರ್ಚ್‌ನಲ್ಲಿ ಪ್ರಸ್ತಾವ ಬಿದ್ದುಹೋಯಿತು. ಸಾರಿಗೆ, ನಗರ ಯೋಜನೆಗಳನ್ನೆಲ್ಲ ಬಿಟ್ಟು ಕೊಳಚೆಯೊಂದನ್ನೇ ಇಟ್ಟುಕೊಂಡು ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಕೇಳಿದಾಗ ಜನ ಹೂಂ ಎಂದರು. ನನ್ನ ಮಟ್ಟಿಗೆ ಈ ಕತೆಯ ಅತಿ ದೊಡ್ಡ ಘಟನೆ ಈ ಮತದಾನ. ಸೇತುವೆಗೆ ದುಡ್ಡು ಕೊಟ್ಟವನು ಅದರ ಮೇಲೆ ನಡೆದಾಡುತ್ತಾನೆ. ಮಣ್ಣಿನಡಿಯ ಕೊಳವೆಗೆ ಕೊಟ್ಟವನಿಗೆ ನೋಡಲು ಏನೂ ಸಿಗುವುದಿಲ್ಲ. ಆದರೂ ಕೊಟ್ಟರು. 1963ರಿಂದ 1968ರೊಳಗೆ ಸರೋವರಕ್ಕೆ ಬರುತ್ತಿದ್ದ ಕೊಳಚೆ ನೀರನ್ನೆಲ್ಲ ತಿರುಗಿಸಿ, ಶುದ್ಧಮಾಡಿ, ಪಶ್ಚಿಮದ ಸಮುದ್ರದ ಕೊಲ್ಲಿಗೆ ಬಿಡುವ ಏರ್ಪಾಟಾಯಿತು. 1970ರ ದಶಕ ಮುಗಿಯುವಷ್ಟರಲ್ಲಿ ಬಿಳಿಯ ತಟ್ಟೆ ಹಲವು ಮೀಟರ್ ಆಳದಲ್ಲೂ ಕಾಣತೊಡಗಿತ್ತು. 1994ರಿಂದ ಈ ಕೆಲಸ ಕಿಂಗ್ ಕೌಂಟಿಯದು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಮನೆಯಿಂದ ಬೀದಿಯವರೆಗಿನ ಕೊಳವೆ ಮನೆಯವರದು, ಬೀದಿಯದು ಊರಿನದು, ಅವನ್ನೆಲ್ಲ ಕೂಡಿಸಿಕೊಳ್ಳುವ ಹಿರಿಯ ಕೊಳವೆಗಳೂ ಶುದ್ಧೀಕರಣ ಘಟಕಗಳೂ ಕೌಂಟಿಯವು. ಘಟಕದಲ್ಲಿ ಕಸ ಸೋಸಿ, ಗಸಿ ತಳಕ್ಕಿಳಿದ ಮೇಲೆ ಉಳಿದ ಕೆಲಸ ಸೂಕ್ಷ್ಮಾಣುಜೀವಿಗಳದು. ಅವು ನೀರಿನಲ್ಲಿ ಕರಗಿದ ಕೊಳೆಯನ್ನು ತಿಂದು ಬದುಕುತ್ತವೆ. ಗಸಿಯನ್ನು ಕೊಳೆಸಿ ಹದಗೊಳಿಸಿದ ಗೊಬ್ಬರ ಗೋಧಿ ಹೊಲಗಳಿಗೂ ಕಾಡಿನ ಮರಗಳಿಗೂ ಹೋಗುತ್ತದೆ.

ಇಷ್ಟು ದೊಡ್ಡ ವ್ಯವಸ್ಥೆಯೂ ಸಣ್ಣದೊಂದು ವಸ್ತುವಿನ ಮೇಲೆ ನಿಂತಿರುತ್ತದೆ. 2017ರ ಫೆಬ್ರವರಿ 9ರಂದು ಭಾರಿ ಮಳೆಯ ನಡುವೆ ಕೌಂಟಿಯ ವೆಸ್ಟ್ ಪಾಯಿಂಟ್ ಘಟಕದಲ್ಲಿ ವಿದ್ಯುತ್ ಕೈಕೊಟ್ಟು ಪಂಪುಗಳು ನಿಂತವು. ನೀರಿನ ಮಟ್ಟ ಏರಿದಾಗ ಎಚ್ಚರಿಸಬೇಕಾದ ತೇಲು ಸ್ವಿಚ್ಚುಗಳೂ ಕೆಲಸ ಮಾಡಲಿಲ್ಲ. ಘಟಕವೇ ಮುಳುಗಿತು, ಕೋಟ್ಯಂತರ ಲೀಟರ್ ನೀರು ಹಾಗೇ ಸಮುದ್ರ ಸೇರಿತು. ಯಂತ್ರಗಳನ್ನು ಒಣಗಿಸಿ, ಸೂಕ್ಷ್ಮಾಣುಜೀವಿಗಳನ್ನು ಮತ್ತೆ ಬೆಳೆಸಿ ಘಟಕ ಮೊದಲಿನಂತಾಗಲು ತಿಂಗಳುಗಳೇ ಹಿಡಿದವು. ಆ ಕೌಂಟಿ ತನ್ನ ಜನರನ್ನು ಇಂದಿಗೂ ಕೇಳಿಕೊಳ್ಳುವುದು ತೀರಾ ಸರಳವಾದದ್ದನ್ನು: ಅಡುಗೆಯ ಜಿಡ್ಡನ್ನು ಸಿಂಕಿಗೆ ಸುರಿಯಬೇಡಿ, ಒರೆಸುವ ಒದ್ದೆ ಕಾಗದಗಳನ್ನು ಕಮೋಡಿಗೆ ಹಾಕಬೇಡಿ. ನಮ್ಮ ಊರಿನ ಕೊಳವೆಗಳಿಗೂ ಕಟ್ಟಿಕೊಳ್ಳಲು ಬೇರೆ ಕಾರಣ ಬೇಕಿಲ್ಲ. ಕರಿದ ಎಣ್ಣೆ ಬಿಸಿಯಿರುವಾಗ ಸಲೀಸಾಗಿ ಇಳಿಯುತ್ತದೆ, ತಣಿದ ಮೇಲೆ ಕೊಳವೆಯ ಗೋಡೆಗೆ ಹತ್ತಿ ಗಟ್ಟಿಯಾಗುತ್ತದೆ. ಅದನ್ನು ಬಿಡಿಸಲು ಕಡೆಗೆ ಯಾರೋ ಒಬ್ಬ ಮನುಷ್ಯ ಬರಬೇಕು, ಅವನಿಗೂ ಮನೆ ಮಕ್ಕಳಿರುತ್ತಾರೆ. ಪೂರಿ ಕರಿದ ಬಾಣಲೆಯನ್ನು ತೊಳೆಯುವ ಮೊದಲು ನಿನ್ನೆಯ ಪತ್ರಿಕೆಯ ಒಂದು ಹಾಳೆಯಿಂದ ಒರೆಸಿ ಕಸದ ಬುಟ್ಟಿಗೆ ಹಾಕಲು ಅರ್ಧ ನಿಮಿಷ ಸಾಕು.