ಒಂದರಿಂದ ಆರಕ್ಕೆ, ಆರರಿಂದ ಒಂದಕ್ಕೆ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಮದುವೆ ಹಾರ ಕಟ್ಟುವವರು ಎಡಗಡೆಗೆ ಎಷ್ಟು ಗುಲಾಬಿ ಪೋಣಿಸಿದರೋ ಬಲಗಡೆಗೂ ಅಷ್ಟೇ ಪೋಣಿಸುತ್ತಾರೆ. ಉರ್ದು, ತಮಿಳು, ಕನ್ನಡ ಮೂರರಲ್ಲೂ ಚೌಕಾಸಿ ನಡೆದಿರುತ್ತದೆ; ಕೈ ಮಾತ್ರ ಲೆಕ್ಕ ತಪ್ಪುವುದಿಲ್ಲ. 1927ರ ಆ ಹಳೆಯ ಕಟ್ಟಡದೊಳಗೆ ಹೂವಿನ ಅಂಗಡಿಯ ಮುಂದೆ ನಿಂತಾಗಲೆಲ್ಲ ನನಗೆ ನೆನಪಾಗುವುದು ಒಂದು ಸಂಖ್ಯೆ: 12345654321.

ಹೋಲಿಕೆ ನನ್ನದಲ್ಲ, ಸಾವಿರದ ನೂರು ವರ್ಷಕ್ಕೂ ಹಳೆಯದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಗುಣಾಕಾರದ ಅಭ್ಯಾಸಗಳ ನಡುವೆ, ಯಾವ ತುದಿಯಿಂದ ಓದಿದರೂ ಒಂದೇ ಆಗಿರುವ ಉತ್ತರಗಳನ್ನು ಇಟ್ಟು, ಅಂಥವನ್ನು ಕೊರಳಿನ ಹಾರವೆಂದು ಕರೆದರು. 139ನ್ನು 109ರಿಂದ ಗುಣಿಸಿದರೆ 15151. 142857143ನ್ನು 7ರಿಂದ ಗುಣಿಸಿದರೆ 1000000001. ಗುಣಾಕಾರ ಕಲಿಯಲು ಕುಳಿತ ಹುಡುಗನಿಗೆ ಇಂಥ ಲೆಕ್ಕ ಕೊಟ್ಟ ಗುರುವಿನ ಮೇಲೆ ನನಗೆ ತುಂಬ ಪ್ರೀತಿ.

ಅವರ ಇನ್ನೊಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಬೇಕು: 27994681 ಗುಣಿಸು 441. ಮೊದಲ ಸಾಲು 27994681. ಎರಡನೆಯದು 1119787240. ಮೂರನೆಯದು 11197872400. ಮೂರರಲ್ಲಿ ಒಂದಕ್ಕೂ ಅಂದವಿಲ್ಲ, ಸುಳಿವೂ ಇಲ್ಲ. ಕೂಡುತ್ತಾ ಬಲದಿಂದ ಎಡಕ್ಕೆ ಬನ್ನಿ. 1, 2, 3, 4, 5, 6 ಎಂದು ಅಂಕಿಗಳು ಏರುತ್ತವೆ, ಆಮೇಲೆ 5, 4, 3, 2, 1 ಎಂದು ಇಳಿಯುತ್ತವೆ.

ಒಳಗುಟ್ಟು ಇಷ್ಟು. ಈ ಉತ್ತರ 111111ರ ವರ್ಗ. 111111ನ್ನು 111111ರಿಂದಲೇ ಗುಣಿಸುವಾಗ ಆರು ಒಂದುಗಳ ಸಾಲು ಒಂದೊಂದೇ ಸ್ಥಾನ ಸರಿಯುತ್ತಾ ಆರು ಸಲ ಕೂಡುತ್ತದೆ. ಅಂಚಿನಲ್ಲಿ ಒಂದೇ ಒಂದು, ನಡುವೆ ಆರು. ಆ 111111 ಎಂದರೆ 21 ಗುಣಿಸು 5291. 21ರ ವರ್ಗ 441, 5291ರ ವರ್ಗ 27994681. ಇದು ಗೊತ್ತಾದ ಮೇಲೂ, ಆ ಮೂರು ಒರಟು ಸಾಲು ಬರೆದು ಕೂಡುವಾಗ ನನ್ನ ಬೆರಗು ಒಂದಿಷ್ಟೂ ಇಳಿದಿಲ್ಲ.

ಒಂದುಗಳನ್ನು ಹೆಚ್ಚಿಸುತ್ತಾ ಹೋದರೆ ಒಂಬತ್ತರವರೆಗೂ ಈ ಏರಿಳಿತ ಉಳಿಯುತ್ತದೆ: 12345678987654321. ಹತ್ತು ಒಂದುಗಳಾದಾಗ ನಡುವಿನ ಮೊತ್ತ ಹತ್ತಾಗುತ್ತದೆ, ದಶಕ ಎಡಕ್ಕೆ ದಾಟುತ್ತದೆ, ಅಲ್ಲಿದ್ದ ಒಂಬತ್ತೂ ಹತ್ತಾಗಿ ಇನ್ನೂ ಎಡಕ್ಕೆ ತಳ್ಳುತ್ತದೆ. ಉತ್ತರ 1234567900987654321. ಬಲಭಾಗ ಹಾಗೆಯೇ ಇದೆ, ಎಡಭಾಗದಲ್ಲಿ ಎಂಟು ಮಾಯ. ಆದರೆ ಅದರ ಮೊದಲ ಎಂಟು ಅಂಕಿಗಳನ್ನು ಬಿಡಿಸಿಕೊಂಡರೆ 12345679. ಅದನ್ನು 9ರಿಂದ ಗುಣಿಸಿದರೆ 111111111. ಈ ಲೆಕ್ಕವನ್ನೂ ಮಹಾವೀರಾಚಾರ್ಯರು ಅದೇ ಹಾರಗಳ ಸಾಲಿನಲ್ಲಿ ಇಟ್ಟಿದ್ದಾರೆ.